ಪಾಸ್‌ವರ್ಡ್ ಕೇಳದ ಸರ್ವರ್

ಬಂಗಾರಪೇಟೆಯ ನರ್ಸಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಕಾಲೇಜಿನ ಮೇಲ್ ಸರ್ವರ್ ಕೂಡ ನನ್ನ ಕೈಯಲ್ಲೇ ಇತ್ತು. ಒಮ್ಮೆ ಆಫೀಸಿಗೆ, ಕಾಗದದ ಪ್ರತಿಯನ್ನು ತಾನೇ ಮೇಲ್ ಮಾಡುವ ಹೊಸ ಸ್ಕ್ಯಾನರ್ ಬಂತು. ಏನು ಮಾಡಿದರೂ ಅದು ಪಾಸ್‌ವರ್ಡ್ ಕೊಟ್ಟು ಮೇಲ್ ಕಳಿಸಲಿಲ್ಲ. ಬೇಸತ್ತು, ಯಾರು ಕಳಿಸಿದರೂ ಪಾಸ್‌ವರ್ಡ್ ಕೇಳದೆ ಮುಂದಕ್ಕೆ ಸಾಗಿಸುವಂತೆ ಸರ್ವರನ್ನೇ ಬದಲಿಸಿದೆ. ಎರಡು ದಿನದ ಮಟ್ಟಿಗೆ ಅಂದುಕೊಂಡಿದ್ದವನು ಮರೆತೇಬಿಟ್ಟೆ.

ಕೆಲವೇ ವಾರಗಳಲ್ಲಿ ಎಲ್ಲಿಯವರೋ ನಮ್ಮ ಸರ್ವರ್ ಮೂಲಕ ಲಾಟರಿ, ಔಷಧಿಗಳ ಸುಳ್ಳು ಮೇಲ್‌ಗಳನ್ನು ರಾಶಿ ರಾಶಿ ಹರಿಬಿಟ್ಟರು. ಆಮೇಲೆ ನಮ್ಮ ಮೇಲ್‌ಗಳನ್ನು ಮೋಸದವೆಂದು ಆಸ್ಪತ್ರೆಗಳ ಸರ್ವರ್‌ಗಳೂ ತೆಗೆದುಕೊಳ್ಳಲಿಲ್ಲ. ತರಬೇತಿಗೆ ಹೋಗಬೇಕಿದ್ದ ಹುಡುಗಿಯರ ಪಟ್ಟಿ ವಾಪಸ್ ಬಂತು.

ಪ್ರಿನ್ಸಿಪಾಲರು ಆಫೀಸಿಗೇ ಬಂದು ಕಾರಣ ಕೇಳಿದರು. ಸ್ಕ್ಯಾನರಿಗೆಂದು ಮಾಡಿದ ಬದಲಾವಣೆ ಆಗ ನೆನಪಾಯಿತು. "ಯಾರೋ ಕೆಟ್ಟ ಮೇಲ್ ತೆರೆದಿರಬೇಕು ಸಾರ್," ಅಂದೆ. ಹಾಗೆನ್ನುವಾಗ ನನ್ನ ಕಣ್ಣು ಅಲ್ಲೇ ಕೂತಿದ್ದ ಟೈಪಿಸ್ಟ್ ಅಮ್ಮನ ಕಡೆ ಹೋಯಿತು. ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಅವರು ಕಂಪ್ಯೂಟರ್ ಕಲಿತದ್ದು ನಲವತ್ತು ದಾಟಿದ ಮೇಲೆ.

"ನಾನೇ ತೆಗ್ದಿರ್ಬೋದು ಸಾರ್," ಅಂದರು ಅವರು. "ಮೊನ್ನೆ ಯಾವ್ದೋ ಒಂದು ಬಂದಿತ್ತು."

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಮಧ್ಯಾಹ್ನ ಸರ್ವರಿನ ದಾಖಲೆ ತೆಗೆದು ನೋಡಿದೆ. ಆ ಅಮ್ಮನ ಕಂಪ್ಯೂಟರಿನಿಂದ ಕೆಟ್ಟದ್ದೇನೂ ಹೋಗಿರಲಿಲ್ಲ. ಎಲ್ಲಾ ಬಂದದ್ದು ನಾನು ತೆರೆದಿಟ್ಟ ದಾರಿಯಿಂದಲೇ. ಸ್ಕ್ಯಾನರ್ ಒಂದಕ್ಕೆ ಮಾತ್ರ ವಿನಾಯಿತಿ ಕೊಟ್ಟು, ಉಳಿದವರೆಲ್ಲ ಪಾಸ್‌ವರ್ಡ್ ಕೊಡಲೇಬೇಕೆಂದು ಬದಲಿಸಲು ಅರ್ಧ ಗಂಟೆ ಸಾಕಾಯಿತು. ಅಷ್ಟು ಸಣ್ಣ ಕೆಲಸ. ಪ್ರಿನ್ಸಿಪಾಲರು ನನ್ನನ್ನು ಹೊಗಳಿದರು. ಆ ಅಮ್ಮನನ್ನು ಕಂಪ್ಯೂಟರಿನಿಂದ ಎಬ್ಬಿಸಿ, ಅರ್ಜಿ ತೆಗೆದುಕೊಳ್ಳುವ ಕಿಟಕಿಗೆ ಹಾಕಿದರು.

ನಾಲ್ಕು ತಿಂಗಳು ಆ ಕಿಟಕಿಯ ಮುಂದೆ ಹಾಯದೆ ಹಿಂಬಾಗಿಲಿನಿಂದ ಓಡಾಡಿದೆ. ಒಂದು ಭಾನುವಾರ ತಡೆಯಲಾರದೆ ಅವರ ಮನೆಗೆ ಹೋದೆ. ಗಣಿ ಕೆಲಸಗಾರರಿಗೆಂದು ಕಟ್ಟಿದ ಹಳೆಯ ಲೈನ್ ಮನೆ. ಕಾಫಿ ಕೊಟ್ಟರು. ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ.

ಅವರು ಮಣೆ ಎಳೆದುಕೊಂಡು ನನ್ನೆದುರು ಕೂತರು.

"ಅಂದ್ರೆ ನಾನು ಮಾಡಿಲ್ವಾ ಸಾರ್?"

"ಇಲ್ಲಮ್ಮ."

"ಆವತ್ತಿಂದ ನನ್ನ ಮಗಳು ಫೋನ್ ಕೊಟ್ರೂ ಮುಟ್ತಿರಲಿಲ್ಲ ನಾನು. ಏನಾದ್ರೂ ಕೆಡಿಸ್ಬಿಡ್ತೀನಿ ಅಂತ." ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ ಅತ್ರ ಏಳಿ ಏನ್ ಬಂತು ಸಾರ್? ಪ್ರಿನ್ಸಿಪಾಲರತ್ರ ಏಳಿ."

ಸೋಮವಾರ ಪ್ರಿನ್ಸಿಪಾಲರಿಗೆ ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು, "ಹಳೇ ವಿಷಯ ಬಿಡ್ರೀ, ಈಗ ಎಲ್ಲ ಸರಿಯಾಗಿದೆಯಲ್ಲ," ಅಂದರು. ಟೈಪಿಸ್ಟ್ ಕುರ್ಚಿಯಲ್ಲಿ ಆಗಲೇ ಬೇರೆಯವರಿದ್ದರು. ಆ ಅಮ್ಮನನ್ನು ಮತ್ತೆ ಅಲ್ಲಿಗೇ ಹಾಕಿ ಎಂದು ಎರಡು ಸಲ ಕೇಳಿದೆ, ಪ್ರಿನ್ಸಿಪಾಲರು ಬದಲಿಸಲಿಲ್ಲ.

ಅದನ್ನು ತಿಳಿಸಲು ಕಿಟಕಿಯ ಹತ್ತಿರ ಹೋದೆ. ಆ ಅಮ್ಮ ಅರ್ಜಿಯೊಂದಕ್ಕೆ ಮೊಹರು ಒತ್ತುತ್ತಾ ತಲೆಯಾಡಿಸಿದರು.

"ಪಕ್ಕಕ್ಕೆ ಬನ್ನಿ ಸಾರ್," ಅಂದರು, "ನಿಮ್ ಇಂದೆ ಜನ ನಿಂತವ್ರೆ."