ನಂಬರ್ ಕೂಗುವವರಿಲ್ಲದೆ

ಬಳ್ಳಾರಿಯ ಕನ್ನಡಕದ ಅಂಗಡಿಯೊಂದರಲ್ಲಿ ಹಂಪೇಶ್ ಆರು ವರ್ಷದಿಂದ ಕೆಲಸಕ್ಕಿದ್ದ. ಬಂದವರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ತೋರಿಸಿ, "ಕೊನೀ ಸಾಲು ಕಾಣತೈತೇನ್ರಿ?" ಎಂದು ಕೇಳುವುದು ಅವನ ಕಸುಬು. ಅಂಥವನು ಹೆತ್ತ ತಾಯಿಗೆಂದು ತರಿಸಿದ, ಅಂಕಿ ನೋಡಿ ಬಣ್ಣ ತುಂಬುವ ಚಿತ್ರದಲ್ಲಿ ಅಂಕಿಗಳು ಎಳ್ಳಿಗಿಂತ ಸಣ್ಣಗಿದ್ದವು. ಊರವರ ಕಣ್ಣು ನೋಡಿ ಸಂಬಳ ತೆಗೆದುಕೊಳ್ಳುವವನಿಗೆ ಮನೆಯಲ್ಲೂ ಎರಡು ಕಣ್ಣಿವೆಯೆಂಬುದು ಮರೆತುಹೋಗಿತ್ತು.

ತಾಯಿ ಸಾವಂತ್ರಮ್ಮನಿಗೆ ಅರವತ್ತೆರಡು. ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ನಂಬರ್ ಹಚ್ಚುವ ಮೇಜಿನಲ್ಲಿ ದುಡಿದವಳು. ಒಂದೇ ತಾನಿನ ಬಟ್ಟೆಯಲ್ಲೂ ನೀಲಿ ಒಂದೇ ತೆರನಾಗಿರುವುದಿಲ್ಲ. ಆದ್ದರಿಂದ ಪದರ ಪದರವಾಗಿ ಹಾಸಿ ಕತ್ತರಿಸಿದ ಪ್ರತಿ ತುಂಡಿಗೂ ಅದರ ಪದರದ ನಂಬರಿನ ಚೀಟಿ ಅಂಟಿಸಬೇಕು; ತಪ್ಪಿದರೆ ಎಡಗಾಲು ಒಂದು ಬಣ್ಣ, ಬಲಗಾಲು ಇನ್ನೊಂದು ಬಣ್ಣದ ಪ್ಯಾಂಟು ತಯಾರಾಗುತ್ತದೆ. ಮೇಜಿಗೆ ಇಬ್ಬರು. ಒಬ್ಬರು ನಂಬರ್ ಕೂಗಬೇಕು, ಇನ್ನೊಬ್ಬರು ಅಂಟಿಸಬೇಕು. ಕೂಗುವ ಮುಂಚೆ ಕೈ ಎತ್ತುವಂತಿಲ್ಲ. ಅಷ್ಟು ವರ್ಷವೂ ಕೂಗಿದವಳು ಸಾವಂತ್ರಮ್ಮನ ವಾರಗಿತ್ತಿ ರೇಣುಕಾ.

ಯುಗಾದಿಗೆ ಮುಂಚೆ ಸಿರುಗುಪ್ಪದ ತವರಿಗೆ ಹೋದ ರೇಣುಕಾ ಅಲ್ಲೇ ತೀರಿಕೊಂಡಳು. ಮಣ್ಣಿಗೆ ಹೋಗಿ ಬಂದ ಸಾವಂತ್ರಮ್ಮ ಬಸ್ಸಿಳಿದು ಮನೆಗೆ ಬಂದು ಅನ್ನಕ್ಕಿಟ್ಟಳು, ಉಂಡಳು, ಮಲಗಿದಳು. ಅಳಲಿಲ್ಲ. ಮರುದಿನದಿಂದ ಕಾರ್ಖಾನೆಗೆ ಹೋಗಲಿಲ್ಲ. ಯಾರು ಏನು ಕೇಳಿದರೂ "ಹ್ಞೂಂ" ಎನ್ನುವುದೊಂದೇ ಉಳಿಯಿತು. ಚಾ ಬೇಕಾ ಎಂದರೂ ಹ್ಞೂಂ, ಚಾ ಬ್ಯಾಡಾ ಎಂದರೂ ಹ್ಞೂಂ. ಹಂಪೇಶ್ ಇದನ್ನು ಬೇಕೆಂದೇ ಪರೀಕ್ಷಿಸಿ ನೋಡಿ, ಆಮೇಲೆ ನಾಚಿಕೆಯಾಗಿ, ಆರಿದ ಚಾ ತಾನೇ ಕುಡಿದಿದ್ದ.

ಕುರುಗೋಡಿಗೆ ಕೊಟ್ಟಿದ್ದ ಅಕ್ಕ ಅರುಣಾ ಫೋನು ಮಾಡಿದಳು.

"ಯವ್ವನ್ನ ನಾನಾ ಇಟ್ಕೋತೀನಲೇ. ಬರ್ತೀಯೇನಬೇ ಅಂದೆ, ಹ್ಞೂಂ ಅಂದ್ಲು."

"ಆಕಿ ಎಲ್ಲಾದಕ್ಕೂ ಹ್ಞೂಂ ಅಂತಾಳಕ್ಕ. ತುಂಗಭದ್ರಾ ಕುಡೀತೀಯೇನು ಅಂದ್ರೂ ಅಂತಾಳ."

"ಹಂಗಾದ್ರ ನಿನ್ನತ್ರ ಇದ್ದು ಏನು ಸುಖ? ಹಗಲೆಲ್ಲಾ ಒಬ್ಬಾಕೀನಾ ಕುಂತಿರ್ತಾಳ. ತಿಂಗಳ ಕೊನೀ ಐತವಾರ ಬರ್ತೀನಿ."

ಅಕ್ಕ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಾಯಿ ಹೋಗಲಿ, ಇರಲಿ; ಹಂಪೇಶನಿಗೆ ಬೇಕಾಗಿದ್ದುದು ಅದನ್ನು ಅವಳೇ ಹೇಳುವುದು. ಯಾವುದಕ್ಕಾದರೂ ಸರಿ, ಅವಳ ಬಾಯಿಂದ ಒಂದು "ಬ್ಯಾಡ" ಬರಬೇಕಿತ್ತು. ಹಾಗೆ ಬಾರದೆ ಬಸ್ಸು ಹತ್ತಿಸಿದರೆ ಚೀಲ ಕಳಿಸಿದ ಹಾಗೆಯೇ.

ವಯಸ್ಸಾದವರ ಮನಸ್ಸು ಹಗುರಾಗಲು ನಂಬರ್ ನೋಡಿ ಬಣ್ಣ ತುಂಬುವ ಚಿತ್ರ ಒಳ್ಳೆಯದೆಂದು ಅವನು ಫೋನಿನಲ್ಲಿ ನೋಡಿದ್ದ. ತರಿಸಿದ. ಹಿಮ ಬಿದ್ದ ಯಾವುದೋ ದೇಶದ ಮನೆ, ಮೂವತ್ತಾರು ಬಣ್ಣ. ಅಂಗಡಿಯ ಯಜಮಾನ ಗಾದಿಲಿಂಗಪ್ಪ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಇದನ್ನ ನೋಡಾಕ ನನಗಾ ಹೊಸಾ ಕನ್ನಡಕ ಬೇಕಲೇ. ಖಾನೆ ದೊಡ್ಡವು ಇರಲಿ, ಬಣ್ಣ ಕಡಿಮಿ ಇರಲಿ. ಮತ್ತ ಆಕಿ ಎಂದಾರ ಕಂಡಿದ್ದು ಇರಲಿ. ಬಳ್ಳಾರಿ ಬಿಸಲಾಗ ಹಿಮ ಯಾಕ?"

ಅದನ್ನು ವಾಪಸು ಕೊಟ್ಟು ಇನ್ನೊಂದು ತಂದ. ಪೇರಲ ಗಿಡದ ಮೇಲೆ ಎರಡು ಗಿಳಿ, ಹದಿನೆಂಟು ಬಣ್ಣ, ಕಡಲೆ ಗಾತ್ರದ ಅಂಕಿಗಳು. ಕಿಟಕಿಯ ಬೆಳಕಿಗೆ ಮಣೆ ಹಾಕಿ ಹರಡಿಕೊಟ್ಟ. ಸಾವಂತ್ರಮ್ಮ ಕುಂಚವನ್ನು ನೀರಲ್ಲಿ ಅದ್ದಿ ಹಿಡಿದುಕೊಂಡು ಕೂತಳು. ಕುಂಚ ಒಣಗಿತು. ಮತ್ತೆ ಅದ್ದಿದಳು. ಮತ್ತೆ ಒಣಗಿತು. ಹನ್ನೆರಡು ದಿನ ಹೀಗೆಯೇ.

"ಹಚ್ಚಬೇ ಯವ್ವ."

"ಹ್ಞೂಂ."

ಹೇಗೆಂದು ತೋರಿಸಲು ಹೋಗಿ ಹಂಪೇಶ್ ತಾನೇ ಒಂದು ಎಲೆ ತುಂಬಿದ. ಬಣ್ಣ ಗೆರೆ ದಾಟಿ ಗಿಳಿಯ ಕೊಕ್ಕಿಗೆ ಹತ್ತಿತು. ಆ ಗಿಳಿ ಆಮೇಲೆ ಯಾವಾಗ ನೋಡಿದರೂ ಬೇವು ತಿಂದ ಹಾಗೆ ಕಾಣುತ್ತಿತ್ತು.

ಕೊನೆಯ ಐತವಾರಕ್ಕೆ ಮೂರು ದಿನ ಇರುವಾಗ ಬೆಳಗ್ಗೆ ಗಾದಿಲಿಂಗಪ್ಪನವರ ಫೋನು ಬಂತು. ರೂಪನಗುಡಿಯ ಮೇಷ್ಟ್ರು ಕನ್ನಡಕಕ್ಕೆ ಬಂದು ಕೂತಿದ್ದಾರೆ, ಎಲ್ಲಿಟ್ಟಿದ್ದೀ ಎಂದು. ಅಂಗಡಿಯ ಗದ್ದಲದಲ್ಲಿ ಅವರಿಗೆ ಕೇಳಿಸಲೆಂದು ಹಂಪೇಶ್ ಗಟ್ಟಿಯಾಗಿ ಹೇಳಿದ.

"ಹದಿನಾಲ್ಕು, ಸರ. ಹದಿನಾಲ್ಕನೇ ಖಾನ್ಯಾಗ ನೋಡ್ರಿ."

ಸಾವಂತ್ರಮ್ಮನ ಕೈ ಎದ್ದಿತು. ಹದಿನಾಲ್ಕನೇ ಡಬ್ಬಿಯ ಮುಚ್ಚಳ ತೆಗೆದು, ತಿಳಿಹಸಿರು ಅದ್ದಿ, ಹದಿನಾಲ್ಕು ಎಂದು ಬರೆದಿದ್ದ ಒಂದು ಖಾನೆ ತುಂಬಿದಳು. ಗೆರೆ ಎಲ್ಲೂ ದಾಟಲಿಲ್ಲ. ಆಮೇಲೆ ಕೈ ಮತ್ತೆ ನಿಂತಿತು.

ಹಂಪೇಶ್ ಫೋನು ಇಟ್ಟ. ಹನ್ನೆರಡು ದಿನ ಅವಳು ಕಾಯುತ್ತಿದ್ದುದು ಏನನ್ನೆಂದು ಆಗ ಹೊಳೆಯಿತು. ಅಂಗಡಿಯಲ್ಲಿ ದಿನವಿಡೀ ಕನ್ನಡಕದ ನಂಬರ್ ಕೂಗುವವನು ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ.

"ಹದಿನಾಲ್ಕು," ಎಂದ. ಇನ್ನೊಂದು ಖಾನೆ ತುಂಬಿತು. "ಒಂಬತ್ತು," ಎಂದ. ಅವಳು ಕುಂಚ ತೊಳೆದು ಒಂಬತ್ತನೇ ಡಬ್ಬಿ ತೆಗೆದಳು.

"ಗಟ್ಟಿ ಕೂಗು," ಎಂದಳು ತಲೆ ಎತ್ತದೆ. "ರೇಣುಕಾ ಗಟ್ಟಿ ಕೂಗ್ತಿದ್ಲು."

ಮಣ್ಣಿಗೆ ಹೋಗಿ ಬಂದಮೇಲೆ ಆ ಹೆಸರು ಅವಳ ಬಾಯಲ್ಲಿ ಬಂದಿದ್ದು ಅದೇ ಮೊದಲು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಹಂಪೇಶ್ ಗಟ್ಟಿಯಾಗಿ ಕೂಗಿದ. ಮೂರು ದಿನ ಅಂಗಡಿಗೆ ತಡವಾಗಿ, ಗಂಟಲು ಕಟ್ಟಿಸಿಕೊಂಡು ಹೋದ.

ಐತವಾರ ಅರುಣಾ ಬಂದಳು. ನಾಲ್ಕು ಸೀರೆ, ಮಾತ್ರೆ ಡಬ್ಬಿ, ಹೊದಿಕೆ ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಗಿಲಲ್ಲಿಟ್ಟಳು.

"ನಡೀಬೇ, ಬಸ್ಸಿಗೆ ಹೊತ್ತಾತು."

ಸಾವಂತ್ರಮ್ಮ ಕುಂಚ ಹಿಡಿದು ಕೂತೇ ಇದ್ದಳು. ಹಂಪೇಶನ ನಾಲಿಗೆಯ ಮೇಲೆ ನಂಬರೊಂದು ಬಂದು ನಿಂತಿತ್ತು. ಈಗ ಕೂಗಿದರೆ ಅವಳು ಖಂಡಿತ ಏಳುವುದಿಲ್ಲ. ಆದರೆ ಹಾಗೆ ಕೂರಿಸಿದರೆ ಅದು ಅವನ ಮಾತಾಗುತ್ತಿತ್ತು, ಅವಳದಲ್ಲ. ತುಟಿ ಬಿಗಿದುಕೊಂಡು ಗೋಡೆ ನೋಡಿದ.

"ಬರ್ತೀಯಲ್ಲಬೇ?" ಅರುಣಾ ಮತ್ತೆ ಕೇಳಿದಳು.

ಕುಂಚದ ತುದಿಯಿಂದ ಒಂದು ಹನಿ ನೀರು ಮಣೆಯ ಮೇಲೆ ಬಿತ್ತು.

"ಬ್ಯಾಡ," ಎಂದಳು ಸಾವಂತ್ರಮ್ಮ. "ಏಳೂ ಹನ್ನೊಂದೂ ಇನ್ನಾ ಉಳದಾವು."

"ಅವು ಮುಗದ ಮ್ಯಾಲೆ?"

"ಆವಾಗ ಕೇಳು."

ಅರುಣಾ ತಮ್ಮನ ಮುಖ ನೋಡಿದಳು. ಅವನು ಇನ್ನೂ ಗೋಡೆಯನ್ನೇ ನೋಡುತ್ತಿದ್ದ.

"ಚೀಲ ತುಂಬೀನಲ್ಲಬೇ, ಈಗೇನು ಮಾಡ್ಲಿ?"

"ತುಂಬಿದಾಕಿ ನೀನಾ ತಗಿ."

ಅರುಣಾ ಚೀಲದಿಂದ ಸೀರೆಗಳನ್ನು ತೆಗೆದು ಒಂದೊಂದಾಗಿ ಗೂಟಕ್ಕೆ ಹಾಕತೊಡಗಿದಳು. ಆ ಒಂದು ಮಾತಿಗಾಗಿ ತಿಂಗಳುಗಟ್ಟಲೆ ಕಾದಿದ್ದ ಹಂಪೇಶ್, ಅದು ಬಂದ ದಿನ ಎದೆ ಅರಳಬಹುದೆಂದು ಎಣಿಸಿದ್ದ. ಅಂಥದ್ದೇನೂ ಆಗಲಿಲ್ಲ. ಗಂಟಲು ನೋಯುತ್ತಿತ್ತು, ಅಷ್ಟೇ.

"ಏನಲೇ, ನಿದ್ದಿ ಬಂತೇನು?" ಎಂದಳು ಸಾವಂತ್ರಮ್ಮ. "ಕೂಗು."

"ಏಳು," ಎಂದ.