ಇಲ್ಲಿ ಹೆಂಡತಿ, ಅಲ್ಲಿ ಅಲ್ಲ

ನನ್ನ ಅಕ್ಕನ ಮದುವೆ ಮುರಿದ ಸುದ್ದಿ ಅಂಚೆಯಲ್ಲಿ ಬಂತು. ಎಪ್ಪತ್ತರ ದಶಕದ ನಡುವಿನ ಮಾತು. ನಾವು ಇನ್ನಂಜೆಯಲ್ಲಿದ್ದೆವು, ಅಪ್ಪ ಕಾಪುವಿನ ಶಾಲೆಯಲ್ಲಿ ಮಾಸ್ತರರು. ಮದುವೆಯಾದ ಮರುವರ್ಷವೇ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದ ಭಾವ, ಮನೆ ಸಿಕ್ಕಿದ ಕೂಡಲೇ ಅಕ್ಕನನ್ನು ಕರೆಸಿಕೊಳ್ಳುತ್ತೇನೆ ಎಂದಿದ್ದ. ಅವನಿಗೆ ಮನೆಯೂ ಸಿಕ್ಕಿತು, ಆ ಮನೆಗೆ ಬೇರೊಬ್ಬಳೂ ಸಿಕ್ಕಿದಳು. ಅಲ್ಲಿಯ ಕೋರ್ಟು ಅಕ್ಕನ ಒಂದು ಮಾತನ್ನೂ ಕೇಳದೆ ಅವನಿಗೆ ವಿಚ್ಛೇದನ ಕೊಟ್ಟಿತ್ತು. ತೀರ್ಪಿನ ಪ್ರತಿಯ ಮೇಲೆ ಅಲ್ಲಿರುವ ಭಾರತ ಸರಕಾರದ ಕಾನ್ಸುಲ್ ಕಚೇರಿಯ ಮುದ್ರೆ ಇತ್ತು.

ಮುದ್ರೆಯಲ್ಲಿದ್ದ ಸಿಂಹಗಳನ್ನು ಕಂಡೇ ಅಮ್ಮ ಕುಸಿದಳು. ನಮ್ಮ ಸರಕಾರವೇ ಒಪ್ಪಿದ ಮೇಲೆ ಇನ್ನೇನು ಉಳಿಯಿತು ಎಂದು ಅವಳ ಅಳು. ಅಪ್ಪ ಅಳುವವರಲ್ಲ. ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಉಡುಪಿಗೆ, ವಕೀಲರ ಮನೆಗೆ ಹೋದರು. ವಕೀಲರು ಕಾಗದ ಓದಿ ನಕ್ಕರು. ಕಾನ್ಸುಲರ ಮುದ್ರೆ ಹೇಳುವುದು ಈ ಕಾಗದ ಆ ಕೋರ್ಟಿನದೇ ಎಂದಷ್ಟೇ, ಅದರಲ್ಲಿ ಬರೆದದ್ದು ನ್ಯಾಯ ಎಂದಲ್ಲ. ಪರದೇಶದ ತೀರ್ಪನ್ನು ಒಪ್ಪುವುದೋ ಬಿಡುವುದೋ ಇಲ್ಲಿಯ ಕೋರ್ಟಿಗೆ ಸೇರಿದ್ದು. ಹೆಂಡತಿಯ ಮಾತು ಕೇಳದೆ ಕೊಟ್ಟ ತೀರ್ಪು ಇಲ್ಲಿ ನಿಲ್ಲುವುದಿಲ್ಲ, ದಾವೆ ಹಾಕಿದರೆ ಗೆಲುವು ನಮ್ಮದೇ ಎಂದು ಧೈರ್ಯ ಹೇಳಿದರು. ಅಕ್ಕನಿಗೆ ಏನು ಬೇಕು ಎಂದು ಅವರೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಆ ಮಟ್ಟಿಗೆ ಇಂಗ್ಲೆಂಡಿನ ಕೋರ್ಟಿಗೂ ನಮಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ದಾವೆ ವರ್ಷಗಟ್ಟಲೆ ಎಳೆಯಿತು. ವಾಯಿದೆಯ ದಿನ ಬೆಳಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆ, ಅಕ್ಕ ಹಿಂದೆ. ಸಂಜೆ ಬಸ್ಸಿಳಿದು ಬರುವಾಗಲೂ ಹಾಗೆಯೇ. ಕೊನೆಗೆ ಗೆದ್ದೆವು. ಆ ತೀರ್ಪು ಇಲ್ಲಿ ನಡೆಯದು, ಇವಳು ಅವನ ಹೆಂಡತಿಯೇ ಎಂದು ಕೋರ್ಟು ಹೇಳಿತು. ಅಪ್ಪ ಎಲ್ಲೂರಿನ ದೇವಸ್ಥಾನದಲ್ಲಿ ಹರಕೆಯ ರುದ್ರಾಭಿಷೇಕ ಮಾಡಿಸಿದರು. ಗಂಡ ಬಿಟ್ಟವಳು ಎಂದು ಅಕ್ಕನನ್ನು ದೂರ ಇಟ್ಟಿದ್ದವರೆಲ್ಲ ಸೀಮಂತಕ್ಕೆ, ಅರಶಿನ ಕುಂಕುಮಕ್ಕೆ ಮತ್ತೆ ಕರೆಯತೊಡಗಿದರು. ಗಂಡ ಇಲ್ಲದ ಮುತ್ತೈದೆತನವೊಂದು ಅವಳಿಗೆ ಸರಕಾರಿ ಮುದ್ರೆಯೊಂದಿಗೆ ಸಿಕ್ಕಿತು ಎಂದು ನಾನು ಈಗ ಕುಹಕ ಆಡುತ್ತೇನೆ. ಆವತ್ತು ನಾನೂ ಹಿಗ್ಗಿ ಪಾಯಸ ಉಂಡಿದ್ದೆ.

ಮುಂದಿನ ವರ್ಷ ಹಿರಿಯಡ್ಕದ ಕಡೆಯ ಮಾಸ್ತರರೊಬ್ಬರು ಅಕ್ಕನನ್ನು ಕೇಳಿಕೊಂಡು ಬಂದರು. ಹೆಂಡತಿ ತೀರಿಕೊಂಡವರು, ಅಪ್ಪನ ಶಿಷ್ಯರೇ, ಎಲ್ಲ ಗೊತ್ತಿದ್ದೇ ಬಂದವರು. ಆಗ ವಕೀಲರು ತಲೆ ಕೆರೆದುಕೊಂಡರು. ಕಾನೂನಿನ ಪ್ರಕಾರ ಅಕ್ಕ ಈಗ ಮದುವೆಯಾದವಳು. ಬಿಡುಗಡೆ ಬೇಕಾದರೆ ಅವಳೇ ಹೊಸದಾಗಿ ವಿಚ್ಛೇದನ ಕೇಳಬೇಕು, ನೋಟೀಸು ಇಂಗ್ಲೆಂಡಿಗೆ ಹೋಗಿ ಜಾರಿಯಾಗಬೇಕು. ತಡವಾದರೂ ಆಗುವ ಕೆಲಸವೇ ಎಂದರು. ಅಪ್ಪ ಒಪ್ಪಲಿಲ್ಲ. ಹೆಂಡತಿ ಹೌದು ಎಂದು ವಾದಿಸಿದ ಬಾಯಿಯಲ್ಲೇ ಅದೇ ಕೋರ್ಟಿಗೆ ಹೋಗಿ ಬಿಡಿಸಿಕೊಡಿ ಎಂದು ಕೇಳಲು ತನಗೆ ಮುಖ ಇಲ್ಲ ಎಂದರು. ಬಂದವರು ಒಂದು ಮಳೆಗಾಲ ಕಾದು, ಆಮೇಲೆ ಕಾರ್ಕಳದ ಹೆಣ್ಣನ್ನು ಮದುವೆಯಾದರು. ಆ ದಿನ ಬಾವಿಕಟ್ಟೆಯಲ್ಲಿ ಅಕ್ಕ ನನ್ನೊಡನೆ ಹೇಳಿದಳು:

"ಅವರು ನನಗೆ ಆಗುತ್ತಿದ್ದರು. ಯಾರೂ ಕೇಳಲಿಲ್ಲ, ಅದಕ್ಕೆ ಹೇಳಲಿಲ್ಲ."

ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಎಂಬತ್ತರ ದಶಕ ಕಳೆಯುತ್ತ ಬಂದಿತ್ತು. ಒಂದು ಬೆಳಗ್ಗೆ ಭಾವನ ಚಿಕ್ಕಪ್ಪ ಮಣಿಪಾಲದಿಂದ ಬಂದು, ಭಾವ ಇಂಗ್ಲೆಂಡಿನಲ್ಲೇ ತೀರಿಕೊಂಡನಂತೆ, ಸುದ್ದಿ ಬರುವಾಗಲೇ ತಿಂಗಳು ಕಳೆದಿತ್ತು ಎಂದರು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ನಮ್ಮ ಮನೆಯಲ್ಲಿ ಅಕ್ಷರಶಃ ನಡೆಯಿತು. ಅಲ್ಲಿ ಅವನಿಗಾಗಿ ಅಳುವವಳು ಬೇರೆ ಇದ್ದಳು. ಆದರೆ ನಮ್ಮಲ್ಲಿ ಗಂಡ ಸತ್ತ ಸುದ್ದಿ ಎಷ್ಟು ತಡವಾಗಿ ಮುಟ್ಟಿದರೂ ಮುಟ್ಟಿದ ದಿನದಿಂದ ಹೆಂಡತಿಗೆ ಸೂತಕ ಹಿಡಿಯುತ್ತದೆ. ಮೀಯಬೇಕು, ಕುಂಕುಮ ಅಳಿಸಬೇಕು, ಕರಿಮಣಿ ತೆಗೆಯಬೇಕು.

ಪುರೋಹಿತರು ಬಂದು ಜಗಲಿಯಲ್ಲಿ ಕೂತರು. ಆಗ ಅಪ್ಪ ನಾನು ಕನಸಿನಲ್ಲಿಯೂ ಎಣಿಸದ ಮಾತೊಂದನ್ನು ಆಡಿದರು. ಇಂಗ್ಲೆಂಡಿನ ಕೋರ್ಟು ಇವರಿಬ್ಬರನ್ನು ಎಂದೋ ಬೇರೆ ಮಾಡಿದೆ, ನಮ್ಮ ಕಾನ್ಸುಲ್ ಕಚೇರಿಯ ಮುದ್ರೆಯೂ ಉಂಟು, ಹಾಗಾಗಿ ನನ್ನ ಮಗಳಿಗೆ ಸೂತಕ ಇಲ್ಲ ಎಂದು ವಾದಿಸತೊಡಗಿದರು. ಮಗಳ ಬರಿ ಹಣೆಯನ್ನು ನೋಡುವ ಶಕ್ತಿ ಅವರಿಗಿರಲಿಲ್ಲ.

ಪುರೋಹಿತರು ಕೆಟ್ಟವರಲ್ಲ. ತಲೆ ತಗ್ಗಿಸಿಯೇ ಹೇಳಿದರು: "ಮಾಸ್ಟ್ರೇ, ಅದು ನಡೆಯುವುದಿಲ್ಲ ಅಂತ ಕೋರ್ಟಿಗೆ ಹೋದದ್ದು ನೀವೇ ಅಲ್ವಾ? ಊರಿಗೆಲ್ಲ ಗೊತ್ತುಂಟು."

ನಾನು ಅಕ್ಕನ ಕೈ ಹಿಡಿದು, ಯಾರು ಏನೇ ಹೇಳಲಿ, ನೀನು ಮೀಯಬೇಡ ಎಂದೆ. ಅವಳು ಕೈ ಬಿಡಿಸಿಕೊಂಡು ಅಪ್ಪನ ಎದುರು ಹೋಗಿ ನಿಂತಳು.

"ಅಪ್ಪ, ಅಲ್ಲಿಯ ತೀರ್ಪು ಇವತ್ತು ನಿಮಗೆ ಬೇಕಾಯಿತು. ನನಗೆ ಅದು ಆವತ್ತು ಬೇಕಿತ್ತು."

ಇಷ್ಟೇ ಹೇಳಿ ಬಚ್ಚಲಿಗೆ ಹೋದಳು. ಅಮ್ಮ ಹಿಂದೆ ಹೋದಳು. ಆಮೇಲೆ ಬದುಕಿದ್ದಷ್ಟು ಕಾಲ ಅಪ್ಪ ಅವಳ ಮುಖ ನೋಡಿ ಮಾತಾಡಲಿಲ್ಲ.