ತುರುವನೂರಿನ ಬಸಮ್ಮ ಬರೆಯದ ದೂರು

ನಾಗಣ್ಣ, ಹೊಳಲ್ಕೆರೆಯ ರುದ್ರೇಶಣ್ಣ ನಿಮ್ಮೊಂದಿಗೆ ಮಾತು ಬಿಟ್ಟದ್ದಕ್ಕೆ ನಾನೇ ಕಾರಣ. ನೀವು ಮಾಡದ ತಪ್ಪನ್ನು ನಿಮ್ಮ ಮೇಲೆ ಹೊರಿಸಿದವನು ನಾನು — ಅದೂ ನಾನೇ ಮಾಡಿದ ತಪ್ಪನ್ನು. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು. ಉಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ಎಲ್ಲಾದರೂ ನುಸುಳಿಕೊಂಡುಬಿಡುವೆನೆಂಬ ಭಯ ನನಗೆ ನನ್ನ ಮೇಲೆಯೇ ಇದೆ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷಗಳಾಗಿದ್ದ ಕಾಲ. ನಮ್ಮವು ಮೂರು ಆನ್‌ಲೈನ್ ಸಂತೆಗಳು: ಚಿತ್ರದುರ್ಗದ ಸೈಬರ್ ಸೆಂಟರಿನಿಂದ ನನ್ನದು, ಹಿರಿಯೂರಿನ ಫೋಟೋ ಸ್ಟುಡಿಯೋದಿಂದ ನಿಮ್ಮದು, ಹೊಳಲ್ಕೆರೆಯ ಮಿಕ್ಸಿ ರಿಪೇರಿ ಅಂಗಡಿಯಿಂದ ರುದ್ರೇಶಣ್ಣನದು. ಯಾರದೋ ಮನೆಯ ಹಳೆಯ ಮಿಕ್ಸಿ, ಹೊಲಿಗೆ ಯಂತ್ರ, ಸೈಕಲ್ಲು — ಚಿತ್ರ ತೆಗೆದು ಸೈಟಿಗೆ ಹಾಕುತ್ತಿದ್ದೆವು. ಕೊಳ್ಳುವವರು ಫೋನ್ ಮಾಡಿದರೆ ವಸ್ತುವನ್ನು ಬಸ್ಸಿನ ಕಂಡಕ್ಟರ್ ಕೈಗೆ ಒಪ್ಪಿಸುತ್ತಿದ್ದೆವು. ಅವರು ತಮ್ಮೂರಿನ ನಿಲ್ದಾಣದಲ್ಲಿ ಕಾದು ಇಳಿಸಿಕೊಳ್ಳುತ್ತಿದ್ದರು. ಎಂಥ ಸಂಭ್ರಮದ ದಿನಗಳವು! ಬಾಗೂರಿನ ಅಜ್ಜಿಯೊಬ್ಬರು ‘ಕಂಪ್ಯೂಟರಿಂದ ಬಂದ ಮಿಷನ್ನು’ ಎಂದು ಹೊಲಿಗೆ ಯಂತ್ರಕ್ಕೆ ಹೂ ಮುಡಿಸಿ ಮನೆಗೆ ಕರೆದೊಯ್ದರೆಂದು ಕಂಡಕ್ಟರ್ ವರದಿ ಮಾಡಿದಾಗ, ನಾನು ಕುರ್ಚಿ ಬಿಟ್ಟೆದ್ದು ಕುಣಿದಿದ್ದೆ.

ನನ್ನ ಸೈಟಿನ ಚಿತ್ರಗಳು ತೆರೆದುಕೊಳ್ಳಲು ತಡವಾಗುತ್ತವೆಂದು ತಿಳಿದು ನೀವೇ ಹಿರಿಯೂರಿನಿಂದ ಬಸ್ ಹತ್ತಿ ಬಂದಿರಿ. “ಲೇ ತಿಪ್ಪೇಶಿ, ಚಿತ್ರ ಸಣ್ಣ ಮಾಡಿ ಹಾಕ್ಬೇಕು ಕಣೋ. ಜನ ಕುಂತು ಕಾಯಾಕೆ ಇದೇನು ಬಸ್‌ಸ್ಟ್ಯಾಂಡಾ?” ಎಂದು ಇಡೀ ಮಧ್ಯಾಹ್ನ ಪಕ್ಕದಲ್ಲಿ ಕೂತು ಕಲಿಸಿಕೊಟ್ಟಿರಿ. ಪೈಪೋಟಿಯವನಿಗೆ ವಿದ್ಯೆ ಹೇಳಿಕೊಡುತ್ತಿದ್ದೇನೆಂಬ ಯೋಚನೆ ನಿಮಗೆ ಬರಲೇ ಇಲ್ಲ. ನನಗೆ ಬಂದಿತ್ತು.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಹೆಬ್ಬೆಟ್ಟು ಒತ್ತುವ ನನ್ನಪ್ಪ, “ನಮ್ ಹುಡ್ಗ ಕಂಪ್ಯೂಟರ್ ಒಳಗೆ ಅಂಗ್ಡಿ ಇಟ್ಟವ್ನೆ” ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ಸಂತೆ ಸೋತರೆ ಆ ಮಾತೂ ಸೋಲುತ್ತದೆಂದು ಹೆದರುತ್ತಿದ್ದೆ. ಇದನ್ನು ನೆಪವಾಗಿ ಬರೆಯುತ್ತಿಲ್ಲ. ಹೆದರಿಕೆ ನಿಮಗೂ ಇದ್ದಿರಬೇಕು, ನೀವು ಯಾರ ಹೆಸರನ್ನೂ ಕೆಡಿಸಲಿಲ್ಲ.

ರುದ್ರೇಶಣ್ಣನ ‘ಗ್ರಾಹಕರ ಅಭಿಪ್ರಾಯ’ ಪುಟದ ತುಂಬ ಹೊಗಳಿಕೆ. ನನ್ನ ಪುಟದಲ್ಲಿ ಇದ್ದವು ಎರಡೇ ಅಭಿಪ್ರಾಯ: ಒಂದು ನೀವು ಬರೆದದ್ದು, ಇನ್ನೊಂದು — ಅದನ್ನೂ ಹೇಳಿಬಿಡುತ್ತೇನೆ — ನಾನೇ ಬರೆದದ್ದು. ಅದೇ ವಾರ ರುದ್ರೇಶಣ್ಣ ಫೋನ್ ಮಾಡಿ ಛೇಡಿಸಿದರು: “ಏನಪ್ಪ ಡಿಗ್ರಿ, ನಿನ್ ಸಂತೆಗೆ ಜನ ಬತ್ತಾ ಅವ್ರೋ, ನೊಣ ಬತ್ತಾ ಅವೋ?” ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಅವರ ಪುಟ ತೆರೆದು ಹೀಗೆ ಬರೆದೆ:

“ಮಾನ್ಯರೇ, ತಮ್ಮ ತಾಣದ ಮೂಲಕ ಕೊಂಡ ಮಿಕ್ಸಿಯ ಮುಚ್ಚಳವು ಜಾರ್‌ಗೆ ಹೊಂದಿಕೊಳ್ಳುತ್ತಿಲ್ಲವೆಂದು ವಿಷಾದಪೂರ್ವಕವಾಗಿ ತಿಳಿಯಪಡಿಸುತ್ತೇನೆ. ಇಂತಿ, ಬಸಮ್ಮ, ತುರುವನೂರು.”

ರುದ್ರೇಶಣ್ಣ ಅದನ್ನು ಅಳಿಸಿಹಾಕುತ್ತಾರೆ, ಅಳಿಸಿದರೆಂದು ನಾನು ಊರೆಲ್ಲ ಹೇಳಬಹುದು — ಅದು ನನ್ನ ಎಣಿಕೆ. ಅವರು ಅಳಿಸಲಿಲ್ಲ. ಕೆಳಗೆ ಒಂದೇ ಸಾಲು ಬರೆದರು: “ಬತ್ತೀನಮ್ಮ, ಮುಚ್ಚಳ ತತ್ತೀನಿ.” ಕೊಂಡವರ ವಿಳಾಸ ನಮ್ಮಲ್ಲಿ ಯಾರ ಬಳಿಯೂ ಇರುತ್ತಿರಲಿಲ್ಲವಲ್ಲ, ವಸ್ತು ಹೋದ ಬಸ್ಸು ಮಾತ್ರ ಗೊತ್ತಿರುತ್ತಿತ್ತು. ಹಾಗಾಗಿ ಅವರು ಚೀಲದ ತುಂಬ ಬಗೆಬಗೆಯ ಮುಚ್ಚಳ ತುಂಬಿಕೊಂಡು, ಅಂಗಡಿ ಮುಚ್ಚಿ, ದುರ್ಗದಲ್ಲಿ ಬಸ್ ಬದಲಿಸಿ ತುರುವನೂರಿಗೆ ಹೋದರು.

ಮರಳುವಾಗ ನೇರವಾಗಿ ನನ್ನ ಸೈಬರ್ ಸೆಂಟರಿಗೇ ಬಂದರು. ಕುರ್ಚಿಯಲ್ಲಿ ಕೂತ ರುದ್ರೇಶಣ್ಣ ನಗುತ್ತಲೇ ಇದ್ದರು.

“ಬಸಮ್ಮ ಎಲ್ಲವ್ರೆ ಅಂದ್ರೆ, ಯಾವ ಬಸಮ್ಮ ಅಂತಾರಪ್ಪ ಊರೋರು. ಮೇಷ್ಟ್ರ ಬಸಮ್ಮನೋ, ಅಂಗ್ಡಿ ಬಸಮ್ಮನೋ, ಜಗಳದ ಬಸಮ್ಮನೋ? ದೂರು ಕೊಟ್ಟೋಳು ಜಗಳದ ಬಸಮ್ಮನೇ ಇರ್ಬೇಕು ಅಂತ ಅಲ್ಲಿಗೇ ಹೋದೆ. ದೂರು ಓದಿ ಹೇಳಿದ್ನಾ? ಆಯಮ್ಮ ಹೊಟ್ಟೆ ಹಿಡ್ಕಂಡು ನಕ್ಕಳು ಕಣೋ. ‘ಲೇ ತಮ್ಮ, ನಾನು ಹಿಂಗೆ ಬೈತೀನಾ? ನಾನು ಬೈದಿದ್ರೆ ನೀನು ನಮ್ಮೂರ ದಿಕ್ಕಿಗೆ ಕಾಲಿಡ್ತಿದ್ಯಾ?’ ಅಂದ್ಳು. ಆಮೇಲೆ, ‘ತಂದಿದ್ದೀಯಲ್ಲ, ನನ್ ಮಿಕ್ಸಿಗೂ ಒಂದು ಮುಚ್ಚಳ ನೋಡು’ ಅಂದ್ಳು. ಕೂತ್ಕಂತು ಕಣೋ, ಅಳತೆ ತಗಂಡು ಮಾಡಿದಂಗೆ!”

ಅಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ತಂತಮ್ಮ ಮಿಕ್ಸಿ ಹೊತ್ತು ತಂದಿದ್ದರಂತೆ. ಜಗುಲಿಯ ಮೇಲೇ ರಿಪೇರಿ, ನಡುವೆ ರೊಟ್ಟಿ ಊಟ. ಹೊರಡುವಾಗ ಬಸಮ್ಮ ಇಡೀ ಬೀದಿಗೆ ಕೇಳುವಂತೆ ಸಾರಿದರಂತೆ: “ಇನ್ಮೇಲೆ ಏನೇ ಮಾರ್ರಿ, ಏನೇ ಕೊಳ್ರಿ, ಈ ತಮ್ಮನ ಹತ್ರಾನೇ!” ಅಲ್ಲಿಗೆ ತುರುವನೂರಿಗೆ ತುರುವನೂರೇ ರುದ್ರೇಶಣ್ಣನ ಸಂತೆಗೆ ಹೊರಳಿತು. ಅವರ ಹೆಸರಿಗೆ ನಾನು ಹಚ್ಚಹೋದ ಮಸಿ ಹೀಗೆ — ಈಗಲೂ ನೆನೆದರೆ ನಗು ಬರುತ್ತದೆ. ನಗುವ ಹಕ್ಕು ನನಗಿಲ್ಲವೆಂಬುದೂ ಕೂಡಲೇ ನೆನಪಾಗುತ್ತದೆ.

ನಗು ನಿಂತ ಮೇಲೆ ಅವರು ಕೇಳಿದರು, “ಯಾರಿರ್ಬೋದಪ್ಪ ಇದನ್ನ ಬರ್ದೋರು?”

ಆಗಲೇ ಹೇಳಬಹುದಿತ್ತು. ಅಷ್ಟು ಖುಷಿಯಲ್ಲಿದ್ದವರು ಬೆನ್ನಿಗೊಂದು ಗುದ್ದು ಕೊಟ್ಟು ಚಹಾ ಕುಡಿಸುತ್ತಿದ್ದರೇನೋ. ಆದರೆ ನನ್ನ ಬಾಯಿಂದ ಬಂದದ್ದು ಈ ಮಾತು: “ಹಿರಿಯೂರಿನವರು ಇರಬಹುದು.”

ಅವರ ಮುಖ ಇಳಿದುಹೋಯಿತು. “ನಾಗನಾ? ಅವ್ನು ಯಾಕೋ...” ಎಂದರು. ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಖಾಲಿ ಚೀಲ ಮಡಚಿಕೊಂಡು ಎದ್ದು ಹೋದರು.

ಅಂದಿನಿಂದ ಅವರು ನಿಮ್ಮ ಫೋನ್ ಎತ್ತಲಿಲ್ಲ. ನಿಮ್ಮ ಗೃಹಪ್ರವೇಶಕ್ಕೆ ಬರಲಿಲ್ಲ. ಪಂಕ್ತಿಯಲ್ಲಿ ನಿಮ್ಮ ಪಕ್ಕದ ಎಲೆಗೆ ಯಾರನ್ನೂ ಕೂರಿಸದೆ ಕಾದಿರಿ, ಕೊನೆಗೆ ನನ್ನ ಕಡೆ ತಿರುಗಿ, “ನಾನೇನು ತೆಪ್ಪು ಮಾಡಿದ್ನೋ ತಿಪ್ಪೇಶಿ, ನಿನ್ಗೇನಾದ್ರೂ ಹೇಳವ್ನಾ?” ಎಂದಿರಿ. “ಇಲ್ಲಣ್ಣ, ಗೊತ್ತಿಲ್ಲ” ಎಂದೆ. ಮೊದಲ ಸುಳ್ಳು ಬಾಯಿತಪ್ಪಿ ಬಂದಿತೆಂದು ಯಾರಾದರೂ ನಂಬಿಯಾರು, ಇದು ಹಾಗಲ್ಲ. ಆ ಖಾಲಿ ಎಲೆಯನ್ನು ನೋಡುತ್ತಲೇ, ನಿಮ್ಮ ಮನೆಯ ಹೋಳಿಗೆ ತಿನ್ನುತ್ತಲೇ ಹೇಳಿದೆ.

ದೊಡ್ಡ ಕಂಪನಿಗಳು ಬಂದವು, ನಮ್ಮ ಮೂರೂ ಸೈಟುಗಳು ಮುಚ್ಚಿದವು. ಯಾರ ಸಂತೆ ಮೇಲು ಎಂದು ಕೇಳುವವರೇ ಈಗಿಲ್ಲ. ನನ್ನ ಮಾತು ಮಾತ್ರ ಹಾಗೆಯೇ ಉಳಿದಿದೆ.

ಮೊನ್ನೆ ರುದ್ರೇಶಣ್ಣ ಫೋನ್ ಮಾಡಿದ್ದರು. ಭಾನುವಾರ ಅವರ ಹೊಸ ಮಿಕ್ಸಿ ಅಂಗಡಿಯ ಪ್ರಾರಂಭೋತ್ಸವ. “ಜಗಳದ ಬಸಮ್ಮನೇ ಬಂದು ಟೇಪು ಕತ್ತರ್ಸೋದು! ಈಗ್ಲೇ ಬೈಯಾಕೆ ಸುರು ಮಾಡವ್ಳೆ, ಕತ್ರಿ ಚೂಪೈತೇನೋ ಅಂತ” ಎಂದು ನಕ್ಕರು. ನಗು ಮುಗಿಸಿ, ದನಿ ತಗ್ಗಿಸಿ ಹೇಳಿದರು: “ನಾಗನಿಗೂ ಒಂದು ಕಾರ್ಡ್ ಬರ್ದೆ ಕಣೋ. ಆಮೇಲೆ ಹರ್ದು ಹಾಕಿದೆ. ಅವ್ನು ಜೊತೇಲಿದ್ದಿದ್ರೆ ಫೋಟೋ ಅವ್ನೇ ತೆಗೀತಿದ್ದ.”

ಆದ್ದರಿಂದ ಈ ಬರಹ, ನಾಗಣ್ಣ. ಇದರ ಎರಡು ಪ್ರತಿ ಮಾಡಿದ್ದೇನೆ, ಒಂದಕ್ಷರವೂ ವ್ಯತ್ಯಾಸವಿಲ್ಲ. ನಾಳೆ ಬೆಳಿಗ್ಗೆ ಒಂದನ್ನು ಹಿರಿಯೂರು ಬಸ್ಸಿನ ಕಂಡಕ್ಟರ್ ಕೈಗೂ, ಇನ್ನೊಂದನ್ನು ಹೊಳಲ್ಕೆರೆ ಬಸ್ಸಿನ ಕಂಡಕ್ಟರ್ ಕೈಗೂ ಕೊಡುತ್ತೇನೆ — ಹಿಂದೆ ಕೊಡುತ್ತಿದ್ದ ಹಾಗೆಯೇ. ಎರಡು ಬಸ್ಸೂ ಹೊರಟ ಮೇಲೆ ನನಗೆ ಹಿಂದಕ್ಕೆ ಪಡೆಯಲು ಏನೂ ಉಳಿಯುವುದಿಲ್ಲ.

ನನ್ನನ್ನು ಕ್ಷಮಿಸಿರೆಂದು ಕೇಳುವುದಿಲ್ಲ. ಕ್ಯಾಮೆರಾ ತೆಗೆದುಕೊಂಡು ಭಾನುವಾರ ಹೊಳಲ್ಕೆರೆಗೆ ಬನ್ನಿ, ಕೇಳುವುದು ಅಷ್ಟೇ. ನೀವು ಬಂದರೂ ಬಾರದಿದ್ದರೂ ನಾನು ಹೋಗುತ್ತೇನೆ. ಟೇಪು ಕತ್ತರಿಸುವ ಮೊದಲು ಬಸಮ್ಮನೆದುರು ನಿಂತು, ಆಕೆಯ ಹೆಸರಿನಲ್ಲಿ ಆ ದೂರು ಬರೆದವನೂ ಅದನ್ನು ನಿಮ್ಮ ತಲೆಗೆ ಕಟ್ಟಿದವನೂ ನಾನೇ ಎಂದು ಎಲ್ಲರ ಮುಂದೆ ಹೇಳುತ್ತೇನೆ. ಬೈಯುವುದೆಂದರೆ ಏನೆಂದು ಆಯಮ್ಮನಿಂದ ನಾನು ಅಂದು ಪೂರ್ತಿಯಾಗಿ ಕೇಳಿಸಿಕೊಳ್ಳಬೇಕಾಗಿದೆ.